ಹತ್ತು ಹೆಜ್ಜೆ ದೂರದಿಂದ ಪಾಪಕ್ಕ ತೆಗೆದ ವಿಡಿಯೋ

ಪಾಪಕ್ಕನಿಗೆ ಫೋನಿನಲ್ಲಿ ವಿಡಿಯೋ ತೆಗೆಯುವುದನ್ನು ಕಲಿಸಿದ್ದು ಜೀನ್ಸ್ ಪ್ಯಾಂಟು. ತೆಲುಗು ಸೀಮೆಯ ಗಡಿಯೂರು ರಾಯದುರ್ಗದ ಕೊಟ್ರಬಸಪ್ಪನವರ ಹೊಲಿಗೆ ಯೂನಿಟ್ಟಿನಲ್ಲಿ ಅವಳದು ಜೇಬು ಕೂರಿಸುವ ಕೆಲಸ. ಹೊಸ ಡಿಸೈನ್ ಬಂದಾಗ ಮೊದಲ ಪ್ಯಾಂಟು ಹೊಲಿದು, ನೂಲಿನ ಎಳೆ ಎಳೆಯೂ ಕಾಣುವ ಹಾಗೆ ವಿಡಿಯೋ ಮಾಡಿ ಬಳ್ಳಾರಿಯ ವ್ಯಾಪಾರಿಗೆ ಕಳಿಸಬೇಕಿತ್ತು. ಬೇರೆಯವರು ತೆಗೆದರೆ ಕೈ ಅಲ್ಲಾಡಿ ಎಲ್ಲ ಮಸುಕು. ಪಾಪಕ್ಕ ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು ತೆಗೆದರೆ ಗೋಡೆಗೆ ಮೊಳೆ ಹೊಡೆದು ಕೂರಿಸಿದಂತೆ ಚಿತ್ರ ನಿಲ್ಲುತ್ತಿತ್ತು. ಹಾಗಾಗಿ ಆ ಕೆಲಸ ಅವಳ ಪಾಲಿಗೇ ಬಂತು.

ಅವಳು ಮಡಕಶಿರದಿಂದ ಏಳೆಂಟು ಮೈಲಿ ಆಚೆಯ ಹಳ್ಳಿಯವಳು. ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆಹುಳ ಮೇಯಿಸಿ ಬೆಳೆದವಳು. ಹದಿನೆಂಟಕ್ಕೆ ಬೆಂಗಳೂರಿನ ಬಸ್ಸು ಹತ್ತಿ ಗಾರ್ಮೆಂಟ್ಸ್ ಸೇರಿದಳು, ಒಂಬತ್ತು ವರ್ಷ ಶರ್ಟಿಗೆ ಕಾಲರ್ ಹೊಲಿದಳು. ಅಲ್ಲೇ ಸ್ವಂತ ಗೂಡ್ಸ್ ಆಟೋದಲ್ಲಿ ಬಟ್ಟೆ ಸಾಗಿಸುತ್ತಿದ್ದ, ತನ್ನ ಸೀಮೆಯವನೇ ಆದ ರಾಮಾಂಜಿಯನ್ನು ಮದುವೆಯಾದಳು. ಲಾಕ್‌ಡೌನಿನಲ್ಲಿ ಫ್ಯಾಕ್ಟರಿ ಮುಚ್ಚಿದಾಗ ಇಬ್ಬರೂ ಊರಿಗೆ ಮರಳಿದರು. ಆರೇಳು ತಿಂಗಳಾದ ಮೇಲೆ, ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೈಯೂ ಬೇಕು, ಬಂಡಲ್ ಸಾಗಿಸುವ ಗೂಡ್ಸ್ ಆಟೋನೂ ಬೇಕು ಅಂತ ಯಾರೋ ಹೇಳಿದರು. ತಮ್ಮ ಆಟೋದಲ್ಲೇ ಪಾತ್ರೆ ಪಗಡ ತುಂಬಿಕೊಂಡು ಬಂದು, ಕೋಟೆಬೆಟ್ಟದ ಕೆಳಗೆ ಒಂದು ಕೋಣೆ ಹಿಡಿದರು.

ಪಕ್ಕದ ಮಿಷನ್ನಿನ ಸುಂಕಮ್ಮನಿಗೆ ಪಾಪಕ್ಕನ ಮಾತೇ ಒಂದು ತಮಾಷೆ. "ಬತ್ತೀನಿ, ಓಯ್ತೀನಿ ಅಂತೀಯಲ್ಲ, ಎಲ್ಲಿ ಕನ್ನಡನವ್ವ ಇದು?" ಎಂದು ನಗುತ್ತಿದ್ದಳು. "ನಿಮ್ದು ಮಾತ್ರ ಭಾರೀ ಚೆಂದ, ಎಲ್ಲದಕ್ಕೂ ರಿ ರಿ ರಿ," ಎಂದು ಪಾಪಕ್ಕ ತಿರುಗಿಸುತ್ತಿದ್ದಳು.

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು, ಹುಣಸೆಕಟ್ಟೆಯ ಪೊಲೀಸ್ ಔಟ್‌ಪೋಸ್ಟ್ ಒಂದನ್ನು ಬಿಟ್ಟು.

ಹೊಲಿದ ಪ್ಯಾಂಟುಗಳನ್ನು ಒಗೆಯುವ ಯೂನಿಟ್ಟಿಗೆ ಒಯ್ಯಬೇಕೆಂದರೆ ಆ ಔಟ್‌ಪೋಸ್ಟಿನ ಮುಂದೆಯೇ ಹೋಗಬೇಕು. ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ಗೂಡ್ಸ್ ಆಟೋಗಳನ್ನು ತಡೆದು ಕಾಗದ ಪತ್ರ ಕೇಳುತ್ತಿದ್ದ. ಎಲ್ಲ ಸರಿಯಿದ್ದರೂ ಕೊನೆಗೆ ಬಂಡಲ್ಲಿಗೆ ಕೈಹಾಕಿ ಒಂದು ಪ್ಯಾಂಟು ಎಳೆದುಕೊಳ್ಳುತ್ತಿದ್ದ. ವಾರಕ್ಕೊಮ್ಮೆ ಇದ್ದದ್ದು ಎರಡು ಸಲವಾಯಿತು, ಮೂರು ಸಲವಾಯಿತು. ಪ್ಯಾಂಟು ಕಡಿಮೆ ಬಂದರೆ ಮಾತು ಕೇಳಬೇಕಾದದ್ದು ಆಟೋದವನು. ಪೊಲೀಸರು ತಗೊಂಡರು ಅಂತ ಬಾಯಿಬಿಡಲು ಯಾರಿಗೂ ಧೈರ್ಯವಿಲ್ಲ. ರಾಮಾಂಜಿಯೂ ಎಂಟು ತಿಂಗಳು ಸುಮ್ಮನಿದ್ದ.

ಆ ಮಂಗಳವಾರ ಬೆಳಿಗ್ಗೆ ಒಗೆತದ ಯೂನಿಟ್ಟಿನಲ್ಲಿ ಬಣ್ಣದ ತಕರಾರು ಬಂದಿತ್ತು. ಸ್ಯಾಂಪಲ್ ವಿಡಿಯೋ ಮಾಡಿಕೊಂಡು ಬಾ ಎಂದು ಕೊಟ್ರಬಸಪ್ಪನವರು ಪಾಪಕ್ಕನನ್ನೂ ಗಂಡನ ಆಟೋದಲ್ಲಿ ಕಳಿಸಿದರು. ಹುಣಸೆಕಟ್ಟೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದ. ಕಾಗದ ನೋಡಿದ. ಹಿಂದೆ ಬಂದು ಬಂಡಲ್ಲಿನ ಹಗ್ಗ ಸಡಿಲಿಸಿದ.

"ಇವತ್ತು ಬೇಡ ಸಾರ್," ಎಂದ ರಾಮಾಂಜಿ. "ನಿನ್ನೆ ತಾನೆ ತಗಂಡ್ರಿ. ನಾನು ಏನಂತ ಲೆಕ್ಕ ಒಪ್ಪಿಸ್ಲಿ?"

ಇಷ್ಟೇ ಅವನು ಆಡಿದ ಮಾತು. ಪಾಪಕ್ಕ ಆಗಲೇ ಕೆಳಗಿಳಿದು ರಸ್ತೆಯ ಆಚೆ, ಬೀಡಿ ಅಂಗಡಿಯ ನೆರಳಿನಲ್ಲಿ ನಿಂತಿದ್ದಳು. ಹೆಡ್ ಕಾನ್‌ಸ್ಟೇಬಲ್ ದನಿ ಏರಿಸಿದ್ದೇ ತಡ, ಅವಳ ಮೊಣಕೈ ತಾನಾಗಿ ಪಕ್ಕೆಗೆ ಒತ್ತಿಕೊಂಡಿತು. ಫೋನು ಮೇಲೆ ಬಂತು.

ಅವನು ರಾಮಾಂಜಿಯ ಕೆನ್ನೆಗೆ ಎರಡು ಬಿಟ್ಟ. ರಾಮಾಂಜಿಯ ಎರಡೂ ಕೈ ಬಂಡಲ್ಲಿನ ಹಗ್ಗದ ಮೇಲೇ ಇದ್ದವು. ಆಮೇಲೆ ಒಂದು ಪ್ಯಾಂಟು ಎಳೆದು, ಕೊಡವಿ, ತನ್ನ ಸೊಂಟಕ್ಕೆ ಹಿಡಿದು ಅಳತೆ ನೋಡಿದ. ಸಾಲಲಿಲ್ಲವೇನೋ, ಅದನ್ನು ಎಸೆದು ಇನ್ನೊಂದನ್ನು ಎಳೆದ. ಅಷ್ಟರಲ್ಲಿ ಅವನ ಕಣ್ಣು ರಸ್ತೆಯಾಚೆ ಹೊರಳಿತು.

"ಏಯ್! ಏಂ ತೀಸ್ತುನ್ನಾವ್?" ಏನು ತೆಗೀತಿದೀಯ ಎಂದು ತೆಲುಗಿನಲ್ಲಿ ಕಿರುಚುತ್ತಾ ದಾಟಿಬಂದ. "ಪೊಲೀಸರ ವಿಡಿಯೋ ತೆಗೀತೀಯಾ? ಒಳಗೆ ಹಾಕ್ತೀನಿ. ಇದು ದೊಡ್ಡ ಕೇಸು, ಗೊತ್ತಾ?"

"ಯಾವ ಕೇಸು ಸಾರ್?" ಎಂದಳು ಪಾಪಕ್ಕ. ಎದುರು ಮಾತಾಡಬೇಕೆಂದು ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ.

ಅವನು ಫೋನು ಕಿತ್ತುಕೊಂಡ, ಅವಳ ಕಣ್ಣೆದುರೇ ವಿಡಿಯೋ ಅಳಿಸಿದ, ಫೋನನ್ನು ಜೇಬಿಗೆ ಇಳಿಸಿದ.

"ತಗಂಡ್ರೆ ತಗಳಿ. ಒಂದು ರಸೀದಿ ಕೊಡಿ," ಎಂದಳು ಪಾಪಕ್ಕ. ಹತ್ತು ವರ್ಷ ಗಾರ್ಮೆಂಟ್ಸಿನಲ್ಲಿ ದುಡಿದವಳಿಗೆ ಚೀಟಿಯಿಲ್ಲದೆ ಒಂದು ಗುಂಡಿಯನ್ನೂ ಯಾರ ಕೈಗೂ ಕೊಟ್ಟು ಅಭ್ಯಾಸವಿರಲಿಲ್ಲ.

ರಸೀದಿ ಎಂಬ ಮಾತಿಗೆ ಅವನು ನಕ್ಕುಬಿಟ್ಟ. ಸಂಜೆಯ ಹೊತ್ತಿಗೆ ರಾಮಾಂಜಿಯ ಮೇಲೆ ಕಂಪ್ಲೇಂಟ್ ಬರೆದಾಗಿತ್ತು: ತಪಾಸಣೆಗೆ ಅಡ್ಡಿಪಡಿಸಿದ, ಡ್ಯೂಟಿಯಲ್ಲಿದ್ದ ಪೊಲೀಸರನ್ನು ನೂಕಿದ.

ಮಾರನೆಯ ದಿನ ಕೊಟ್ರಬಸಪ್ಪನವರು ಇಬ್ಬರನ್ನೂ ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಪುಕ್ಕಲು. "ತಪ್ಪಾತು ಅಂತ ಒಂದು ಮಾತು ಹೇಳಿ ಬಂದ್ಬಿಡ್ರಿ. ಕೇಸು ಬಿಡ್ತಾನ, ಫೋನೂ ಕೊಡ್ತಾನ. ನಾವು ಹೊಟ್ಟಿಪಾಡಿನ ಮಂದಿ, ಪೊಲೀಸ್ರ ಕೂಡ ಯಾಕ ಬೇಕ್ರಿ?"

ರಾಮಾಂಜಿ ಆಗಲಿ ಎಂದು ತಲೆಯಾಡಿಸಿದ. ಪಾಪಕ್ಕ ಆಡಿಸಲಿಲ್ಲ.

ಅವಳು ಹೋದದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ. "ಅಳಿಸಿದ ವಿಡಿಯೋ ಎಲ್ಲಿಗೋಗ್ತದೆ?" ಎಂದು ಕೇಳಿದಳು. ಅಂಗಡಿಯವನಿಗೆ ನಗು ಬಂತು. "ಎಲ್ಲಿಗೂ ಹೋಗಂಗಿಲ್ರಿ ಅಕ್ಕಾರ. ಫೋನಿನ್ಯಾಗ ಕಸದಬುಟ್ಟಿ ಅಂತ ಒಂದು ಐತಿ, ಅಲ್ಲಿ ಮೂವತ್ತು ದಿನ ಬಿದ್ದಿರ್ತತಿ. ಆಮ್ಯಾಲ ತಾನಽ ಹೋಗ್ತತಿ."

ಮೂವತ್ತು ದಿನ. ಪಾಪಕ್ಕ ಕೋಣೆಗೆ ಬಂದು ಹೊಲಿಗೆಯ ಸೀಮೆಸುಣ್ಣದಿಂದ ಗೋಡೆಯ ಮೇಲೆ ಎರಡು ಗೀಟು ಎಳೆದಳು.

ರಾಮಾಂಜಿ ಗೀಟುಗಳನ್ನು ನೋಡಿ ಮುಖ ತಿರುಗಿಸಿದ. ಅವನು ಮಾತಾಡಿದ್ದು ಊಟ ಮುಗಿದ ಮೇಲೆ. "ಅದು ಅಳಿಸಿಹೋದ್ರೇ ಒಳ್ಳೇದು ಕಣೇ. ನಾನು ನಡುರಸ್ತೇಲಿ ಏಟು ತಿಂದಿದ್ದನ್ನ ನಾಕು ಜನ ನೋಡ್ಬೇಕಾ? ನಮ್ಮೂರಾಗೆ ಗೊತ್ತಾದ್ರೆ ನಾನು ಹೆಂಗೆ ತಲೆ ಎತ್ತಿ ತಿರುಗ್ಲಿ?"

ಅವನ ಸಂಕಟ ಇಷ್ಟು ದಿನದ ಭಯವಲ್ಲ, ಅವಮಾನ ಎಂದು ಪಾಪಕ್ಕನಿಗೆ ಆಗ ತಿಳಿಯಿತು.

"ಅದ್ರಾಗೆ ನೀನು ತಿಂದಿದ್ದು ಕಾಣಲ್ಲ," ಎಂದಳು. "ಅವನು ಹೊಡೆದಿದ್ದು ಕಾಣ್ತೈತೆ. ನಿನ್ನ ಎರಡು ಕೈಯೂ ಹಗ್ಗದ ಮೇಲಿದ್ವು. ನೂಕಿದ ಅಂತ ಬರ್ಕಂಡವ್ನೆ. ನಾಳೆ ಕೋರ್ಟಾಗೆ ನಿನ್ನ ಕೈ ಎಲ್ಲಿತ್ತು ಅಂತ ಹೇಳೋಕೆ ಬೇರೆ ಯಾರವ್ರೆ?"

ಅವನು ಚಾಪೆ ಹಾಸಿ ಮಲಗಿದ. ಆದರೆ ಬೆಳಿಗ್ಗೆ ಎದ್ದು ನೋಡಿದಾಗ ಗೋಡೆಯ ಮೇಲೆ ಮೂರನೆಯ ಗೀಟು ಇತ್ತು. ಅದನ್ನು ಎಳೆದದ್ದು ಪಾಪಕ್ಕನಲ್ಲ.

ಅವತ್ತಿನಿಂದ ಪಾಪಕ್ಕ ದಿನಾ ಸಂಜೆ ಕೆಲಸ ಬಿಟ್ಟವಳೇ ಹುಣಸೆಕಟ್ಟೆಗೆ ಹೋಗಿ ನಿಲ್ಲುತ್ತಿದ್ದಳು. "ಸಾರ್, ಫೋನಿಗೆ ರಸೀದಿ." ಮೊದಲ ದಿನ ಬೈದ. ಎರಡನೆಯ ದಿನ, ಮೇಲಿನವರಿಗೆ ಕಳಿಸಿದೀನಿ ಅಂದ. ಐದನೆಯ ದಿನ, "ಯಾವ ಫೋನಮ್ಮ? ನನಗೆ ಗೊತ್ತೇ ಇಲ್ಲ," ಅಂದುಬಿಟ್ಟ. ಪಾಪಕ್ಕ ಒಂದೊಂದು ದಿನದ ಮಾತನ್ನೂ, ಹೊತ್ತು ಸಮೇತ, ಜೇಬು ಕತ್ತರಿಸುವ ಅಳತೆಯ ಹಾಳೆಯ ಹಿಂದೆ ಬರೆದಿಟ್ಟುಕೊಂಡಳು.

ಆ ಹಾಳೆಯನ್ನು ನೋಡಿಯೇ ಲಾಯರ್ ತನುಶ್ರೀ ಕುರ್ಚಿಯಲ್ಲಿ ನೆಟ್ಟಗೆ ಕೂತದ್ದು. ತನುಶ್ರೀ ಅದೇ ಊರಿನ ಹುಡುಗಿ, ಸುಂಕಮ್ಮನ ಓಣಿಯವಳು. ಕೋರ್ಟಿಗೆ ಹೋಗಲು ಶುರುಮಾಡಿ ಮೂರು ವರ್ಷವಾಗಿತ್ತು. ಸುಂಕಮ್ಮನೇ ಪಾಪಕ್ಕನನ್ನು ಅವಳ ಹತ್ತಿರ ಕರೆತಂದಿದ್ದಳು.

"ನೋಡ್ರಿ ಪಾಪಕ್ಕ, ಡ್ಯೂಟಿಮ್ಯಾಲ ಇರೋ ಪೊಲೀಸ್ರನ್ನ ರಸ್ತಾದಾಗ ನಿಂತು ವಿಡಿಯೋ ತೆಗೀಬಾರ್ದು ಅನ್ನೋ ಕಾನೂನಽ ಇಲ್ಲ. ಅವರು ಸರ್ಕಾರದ ಕೆಲಸ ಮಾಡ್ತಾರ, ಅದನ್ನ ನೋಡೋ ಹಕ್ಕು ನಮಗೈತಿ. ನೋಡಬಹುದಂದ್ರ ತೆಗೀಲೂಬಹುದು. ಆದ್ರ ಅವರ ಕೆಲಸಕ್ಕ ಅಡ್ಡ ಹೋಗಬಾರ್ದು. ನೀವು ಎಷ್ಟು ದೂರ ನಿಂತಿದ್ರಿ?"

"ಹತ್ತು ಹೆಜ್ಜೆ."

"ಎಣಿಸಿದ್ರೇನು?"

"ಅವತ್ತು ಎಣಿಸ್ಲಿಲ್ಲ. ಆಮೇಲೆ ರಸೀದಿ ಕೇಳಕ್ಕೋದಾಗ ಎಣಿಸ್ದೆ."

ತನುಶ್ರೀ ಬಾಯ್ತುಂಬ ನಕ್ಕಳು. ಆಮೇಲೆ ಅರ್ಜಿ ಬರೆದಳು. ಅದರಲ್ಲಿ ಸಿಟ್ಟಿಲ್ಲ, ಗೋಳಿಲ್ಲ, ಒಂದೇ ಪ್ರಶ್ನೆ: ಫೋನನ್ನು ಕಾನೂನು ಪ್ರಕಾರ ವಶಪಡಿಸಿಕೊಂಡಿದ್ದರೆ ಅದರ ಪಂಚನಾಮೆ ತೋರಿಸಿ, ಪಂಚನಾಮೆ ಇಲ್ಲವೆಂದರೆ ಕಿತ್ತುಕೊಂಡದ್ದನ್ನು ಏನೆಂದು ಕರೆಯಬೇಕು ಹೇಳಿ.

ಹದಿನಾಲ್ಕನೆಯ ಗೀಟಿನ ದಿನ, ಸೋಮವಾರ, ಗಂಡ ಹೆಂಡತಿ ಬೆಳಗಿನ ಬಸ್ಸಿಗೆ ಅನಂತಪುರಕ್ಕೆ ಹೋದರು. ಜಿಲ್ಲಾ ಪೊಲೀಸ್ ಆಫೀಸಿನಲ್ಲಿ ಸೋಮವಾರ ಜನರ ಅರ್ಜಿ ತೆಗೆದುಕೊಳ್ಳುತ್ತಾರೆ. ಎರಡು ತಾಸು ಸಾಲಿನಲ್ಲಿ ನಿಂತು ಅರ್ಜಿ ಕೊಟ್ಟರು, ಮೇಲೆ ಮುದ್ರೆ ಹಾಕಿಸಿಕೊಂಡರು. "ವಿಚಾರಣೆಗೆ ಕರೀತಾರೆ, ಹೋಗಿ," ಅಂದರು.

ಗೀಟುಗಳು ಬೆಳೆದವು. ಹದಿನೆಂಟು. ಇಪ್ಪತ್ತೊಂದು. ಕರೆಯೇ ಇಲ್ಲ. ಪಾಪಕ್ಕನಿಗೆ ಮೊದಲ ಸಲ ಹೊಲಿಗೆ ತಪ್ಪಿತು. ಒಂದು ಪ್ಯಾಂಟಿನ ಜೇಬನ್ನು ತಲೆಕೆಳಗಾಗಿ ಕೂರಿಸಿದಳು. ಸುಂಕಮ್ಮ ಅದನ್ನು ಬಿಚ್ಚಿ ಮತ್ತೆ ಹೊಲಿದು ಬಂಡಲ್ಲಿಗೆ ಸೇರಿಸಿದಳು. ತನುಶ್ರೀ ಎರಡು ಸಲ ಜ್ಞಾಪನ ಪತ್ರ ಬರೆದಳು. ಇಪ್ಪತ್ತಾರನೆಯ ದಿನ ಡಿಎಸ್ಪಿ ಆಫೀಸಿನಿಂದ ಕರೆ ಬಂತು: ನಾಡಿದ್ದು ಹನ್ನೊಂದು ಗಂಟೆಗೆ ಬನ್ನಿ. ನಾಡಿದ್ದು ಎಂದರೆ ಇಪ್ಪತ್ತೆಂಟನೆಯ ದಿನ.

ಡಿಎಸ್ಪಿ ನಡುವಯಸ್ಸಿನ ತೆಲುಗಿನವರು, ಮಾತು ಕಡಿಮೆ. ಪಾಪಕ್ಕ, ರಾಮಾಂಜಿ, ತನುಶ್ರೀ ಮೂವರನ್ನೂ ಕೂರಿಸಿದರು. ಹೆಡ್ ಕಾನ್‌ಸ್ಟೇಬಲ್ ನಿಂತಿದ್ದ. ಮಾತೆಲ್ಲ ತೆಲುಗಿನಲ್ಲೇ ನಡೆಯಿತು.

"ಫೋನ್ ತಗೊಂಡಿದ್ದು ನಿಜವಾ?" ಎಂದು ಕೇಳಿದರು.

ಅರ್ಜಿಯ ಮೇಲಿನ ಮುದ್ರೆ ನೋಡಿದ ಮೇಲೆ ಗೊತ್ತಿಲ್ಲ ಎನ್ನುವ ಧೈರ್ಯ ಅವನಿಗೆ ಉಳಿದಿರಲಿಲ್ಲ. ಕವರಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟ. "ಬಿಟ್ಟು ಹೋಗಿದ್ದರು ಸಾರ್. ಜೋಪಾನವಾಗಿ ಇಟ್ಟಿದ್ದೆ. ಇವನೇ ನನ್ನನ್ನು ನೂಕಿದ. ಅದರಲ್ಲಿ ಯಾವ ವಿಡಿಯೋನೂ ಇಲ್ಲ, ಬೇಕಾದರೆ ತಾವೇ ನೋಡಿ. ಅಲ್ಲದೆ ಡ್ಯೂಟಿಯಲ್ಲಿರೋ ಪೊಲೀಸರ ವಿಡಿಯೋ ತೆಗೆಯೋದೇ ತಪ್ಪು ಸಾರ್."

"ಯಾವ ಸೆಕ್ಷನ್?" ಎಂದರು ಡಿಎಸ್ಪಿ.

ಅವನು ಖಾಲಿ ಕವರನ್ನು ಮಡಚತೊಡಗಿದ.

ಪಾಪಕ್ಕ ಎದ್ದು ನಿಂತಳು. "ಸಾರ್, ಫೋನು ಸತ್ತೋಗಿರ್ತದೆ. ಚಾರ್ಜಿಗೆ ಹಾಕ್ಬೋದಾ?"

ಡಿಎಸ್ಪಿ ತಮ್ಮ ಚಾರ್ಜರನ್ನೇ ಎಳೆದುಕೊಟ್ಟರು. ಪರದೆ ಬೆಳಗಲು ಐದು ನಿಮಿಷ ಹಿಡಿಯಿತು. ಆ ಐದು ನಿಮಿಷ ರಾಮಾಂಜಿ ನೆಲವನ್ನೇ ನೋಡುತ್ತಿದ್ದ. ಪಾಪಕ್ಕ ಗ್ಯಾಲರಿ ತೆಗೆದಳು. ಅದರಲ್ಲಿ ಜೇಬುಗಳೇ ಜೇಬುಗಳು. "ಹೇಳಲಿಲ್ಲವಾ ಸಾರ್, ಏನೂ ಇಲ್ಲ," ಎಂದ ಹೆಡ್ ಕಾನ್‌ಸ್ಟೇಬಲ್. ಅವಳು ಕೇಳಿಸಿಕೊಳ್ಳದೆ ಕೆಳಗೆ, ಇನ್ನೂ ಕೆಳಗೆ ಹೋದಳು. ಕಸದಬುಟ್ಟಿಯ ಗುರುತು ಸಿಕ್ಕಿತು, ಒತ್ತಿದಳು. ಒಂದೇ ಒಂದು ಚೌಕ ಕಾಣಿಸಿತು, ಅದರ ಮೂಲೆಯಲ್ಲಿ ಸಣ್ಣಕ್ಷರದಲ್ಲಿ: ಇನ್ನು ಎರಡು ದಿನ.

ಅವಳು ವಿಡಿಯೋವನ್ನು ಹೊರಗೆಳೆದು, ದನಿ ಪೂರ್ತಿ ಏರಿಸಿ, ಫೋನನ್ನು ಡಿಎಸ್ಪಿಯ ಕಡೆಗೆ ತಿರುಗಿಸಿ ಹಿಡಿದಳು.

ಒಂದು ನಿಮಿಷ ಐವತ್ತು ಸೆಕೆಂಡು. ಎರಡು ಏಟು, ಹಗ್ಗದ ಮೇಲೆ ರಾಮಾಂಜಿಯ ಎರಡು ಕೈ, ಸೊಂಟಕ್ಕೆ ಹಿಡಿದ ಪ್ಯಾಂಟು, ಸಾಲದೆ ಎಸೆದದ್ದು, ಇನ್ನೊಂದನ್ನು ಎಳೆದದ್ದು. ಒಂದು ಎಳೆಯೂ ಮಸುಕಿರಲಿಲ್ಲ. ಪ್ಯಾಂಟಿನ ಅಳತೆಯ ಚೀಟಿ ಕೂಡ ಓದಿಸಿಕೊಳ್ಳುತ್ತಿತ್ತು. ಕೊನೆಯಲ್ಲಿ ಪಾಪಕ್ಕನದೇ ದನಿ: ಯಾವ ಕೇಸು ಸಾರ್?

ಡಿಎಸ್ಪಿ ಇನ್ನೊಮ್ಮೆ ಹಾಕಿಸಿ ನೋಡಿದರು. ಆಮೇಲೆ ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿ, "ಯಾವ ಅಳತೆ ಸರಿಹೋಯಿತು ನಿಮಗೆ?" ಎಂದು ಮೆಲ್ಲಗೆ ಕೇಳಿದರು.

ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೇಬಲ್ ಒಬ್ಬ ಕೆಮ್ಮಿದ ಹಾಗೆ ಮಾಡಿ ಹೊರಗೆ ಹೋದ. ರಾಮಾಂಜಿ ತಲೆ ಎತ್ತಿದ. ಇಪ್ಪತ್ತೆಂಟು ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡದ್ದು ಆಗಲೇ.

"ಅಮ್ಮಾ, ನಿಮ್ಮ ಗಂಡನ ಮೇಲಿನ ಕಂಪ್ಲೇಂಟ್ ನಿಲ್ಲುವುದಿಲ್ಲ," ಎಂದರು ಡಿಎಸ್ಪಿ. "ಇವರ ಮೇಲೆ ಏನು ಆಗಬೇಕೋ ಅದು ಆಗುತ್ತದೆ. ದೂರ ನಿಂತು ವಿಡಿಯೋ ತೆಗೆದವರನ್ನು ಇನ್ನು ಮುಂದೆ ಅಲ್ಲಿ ಯಾರೂ ತಡೆಯುವುದಿಲ್ಲ. ಆಯಿತಾ?"

"ಆಯ್ತು ಸಾರ್. ಅದನ್ನ ಬರೆದುಕೊಡಿ," ಎಂದಳು ಪಾಪಕ್ಕ.

ತನುಶ್ರೀ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಡಿಎಸ್ಪಿ ಹುಬ್ಬು ಏರಿಸಿದರು.

"ಮಾತಲ್ಲಿ ಹೇಳಿದ್ದು ನೀವು ಟ್ರಾನ್ಸ್‌ಫರ್ ಆದ್ರೆ ನಿಮ್ ಜೊತೆಗೇ ಹೋಗ್ತದೆ ಸಾರ್. ಕಾಗದ ಆದ್ರೆ ಇಲ್ಲೇ ಇರ್ತದೆ."

ಡಿಎಸ್ಪಿ ಗಂಟೆ ಒತ್ತಿ ಟೈಪಿಸ್ಟನ್ನು ಕರೆದರು.

ವಾರದೊಳಗೆ ಹುಣಸೆಕಟ್ಟೆಯ ಹೆಡ್ ಕಾನ್‌ಸ್ಟೇಬಲ್ ಸಸ್ಪೆಂಡ್ ಆದ. ಔಟ್‌ಪೋಸ್ಟಿನ ಗೋಡೆಗೆ ಒಂದು ಹಾಳೆ ಅಂಟಿತು. ಕರ್ತವ್ಯದಲ್ಲಿರುವ ಸಿಬ್ಬಂದಿಯ ಫೋಟೋ, ವಿಡಿಯೋವನ್ನು ಸಾರ್ವಜನಿಕರು ಕೆಲಸಕ್ಕೆ ಅಡ್ಡಿಯಾಗದಂತೆ ತೆಗೆಯುತ್ತಿದ್ದರೆ ತಡೆಯಕೂಡದು, ಫೋನು ಕಿತ್ತುಕೊಳ್ಳಕೂಡದು, ವಶಪಡಿಸಿಕೊಂಡರೆ ಅಲ್ಲೇ ರಸೀದಿ ಕೊಡತಕ್ಕದ್ದು ಎಂದು ತೆಲುಗಿನಲ್ಲಿತ್ತು. ಕೆಳಗೆ ಸಹಿ, ಮುದ್ರೆ.

ಅದರ ಜೆರಾಕ್ಸ್ ಮಾಡಿಸಿದವರು ಯಾರು ಎಂದರೆ, ಕೊಟ್ರಬಸಪ್ಪನವರು. ತಮ್ಮ ಯೂನಿಟ್ಟಿನ ಮಾಲು ಸಾಗಿಸುವ ಒಂದೊಂದು ಆಟೋಗೂ ಒಂದೊಂದು ಲ್ಯಾಮಿನೇಷನ್ ಮಾಡಿಸಿ ತಾವೇ ಹಂಚಿದರು. "ನಾನು ಅವತ್ತಽ ಹೇಳಿದ್ದೆ, ಹೆದರಬ್ಯಾಡ್ರಿ ಅಂತ," ಎಂದು ಯಾರ ಹತ್ತಿರವೋ ಅನ್ನುತ್ತಿದ್ದದ್ದು ಸುಂಕಮ್ಮನ ಕಿವಿಗೆ ಬಿತ್ತು. ಅವಳು ಮಿಷನ್ ನಿಲ್ಲಿಸಿ, "ಹೌದ್ರಿ ಹೌದ್ರಿ, ಭಾಳ ಧೈರ್ಯ ಹೇಳಿದ್ರಿ," ಎಂದಳು. ಹೊಲಿಗೆಯ ಸಾಲಿಡೀ ನಕ್ಕಿತು. ಕೊಟ್ರಬಸಪ್ಪನವರೂ ನಾಚಿಕೊಂಡು ನಕ್ಕರು, ಎಲ್ಲರಿಗೂ ಚಹಾ ತರಿಸಿದರು.

ಒಗೆತದ ಯೂನಿಟ್ಟಿಗೆ ಹೋಗುವ ಬಂಡಲ್ಲುಗಳಲ್ಲಿ ಆಮೇಲೆ ಒಂದು ಪ್ಯಾಂಟೂ ಕಡಿಮೆ ಬೀಳಲಿಲ್ಲ. ಆ ವಿಡಿಯೋ ಊರೆಲ್ಲ ತಿರುಗಿತು. ರಾಮಾಂಜಿ ಹೆದರಿದ್ದ ಹಾಗೆ ಯಾರೂ ಅವನನ್ನು ಏಟು ತಿಂದವನು ಎನ್ನಲಿಲ್ಲ. ಬೇರೆ ಆಟೋದವರು, "ಹಗ್ಗ ಬಿಡದ ರಾಮಾಂಜಿ" ಎಂದು ಕರೆಯತೊಡಗಿದರು. ಆ ಹೆಸರು ಅವನಿಗೆ ಇಷ್ಟವಾಯಿತು. ಆಟೋದ ಹಿಂದೆ ಬರೆಸಿಕೊಳ್ಳುತ್ತೇನೆ ಎಂದು ಹೊರಟಿದ್ದನ್ನು ಪಾಪಕ್ಕನೇ ತಡೆದಳು.

ಮುಂದಿನ ವರ್ಷ ಜಿಲ್ಲೆಗಳನ್ನು ಒಡೆದಾಗ ಮಡಕಶಿರ ಬೇರೆ ಜಿಲ್ಲೆಗೆ ಸೇರಿತು. ಪಾಪಕ್ಕ ಆ ಬೇಸಿಗೆ ತವರಿಗೆ ಹೋಗಿದ್ದಾಗ, ಸುದ್ದಿ ಅವಳಿಗಿಂತ ಮೊದಲೇ ಊರು ತಲುಪಿತ್ತು. ಅಣ್ಣ ಲಕ್ಷ್ಮಣಪ್ಪನ ಜಗಲಿಯ ಮೇಲೆ ಊರಿನ ಉಳಿತಾಯ ಸಂಘದ ಹೆಂಗಸರು ಹದಿನೈದಿಪ್ಪತ್ತು ಜನ ಬಂದು ಕೂತರು. "ಅದೇನೋ ಕಲ್ತ್ಕಂಡು ಬಂದಿದೀಯಂತೆ, ನಮ್ಗೂ ಹೇಳ್ಕೊಡು," ಎಂದರು.

ಪಾಪಕ್ಕ ಕಾನೂನಿನ ಪುಸ್ತಕ ಓದಿದವಳಲ್ಲ. ತನಗೆ ಗೊತ್ತಿದ್ದದ್ದನ್ನೇ ಹೇಳಿದಳು. "ಹತ್ತಿರ ಹೋಗ್ಬೇಡ್ರಿ. ಹತ್ತು ಹೆಜ್ಜೆ ಬಿಟ್ಟು ನಿಂತ್ಕಳಿ. ಬೈಬೇಡ್ರಿ, ಕಿರುಚ್ಬೇಡ್ರಿ. ಫೋನು ಅಡ್ಡ ಹಿಡೀರಿ, ಮೊಣಕೈ ಇಂಗೆ ಪಕ್ಕೆಗೆ ಒತ್ಕಳಿ. ತೆಗೆದ ತಕ್ಷಣ ಇನ್ನೊಬ್ಬರಿಗೆ ಕಳಿಸಿಬಿಡ್ರಿ. ನಾನು ಅದೊಂದು ಮಾಡ್ದಲೆ ಇಪ್ಪತ್ತೆಂಟು ದಿನ ಒದ್ದಾಡ್ದೆ. ಕಿತ್ಕಂಡ್ರೆ ಎಳೆದಾಡ್ಬೇಡ್ರಿ, ರಸೀದಿ ಕೇಳ್ರಿ. ಅಷ್ಟೇಯ."

ಎಲ್ಲರೂ ಎದ್ದು ಮೊಣಕೈ ಒತ್ತಿಕೊಂಡು ಜಗಲಿಯ ಕಂಬವನ್ನು ತೆಗೆದರು. ಅರುವತ್ತು ದಾಟಿದ ನರಸಮ್ಮನ ವಿಡಿಯೋದಲ್ಲಿ ಅವಳ ಹೆಬ್ಬೆರಳೇ ಅರ್ಧ ತುಂಬಿತ್ತು. ಮೂರನೆಯ ಸಲಕ್ಕೆ ಸರಿಬಂತು.

ಎರಡು ದಿನ ಕಳೆದು ಪಾಪಕ್ಕ ರಾಯದುರ್ಗಕ್ಕೆ ಹೊರಟಳು. ನರಸಮ್ಮ ಕಡಲೆಕಾಯಿ ಮೂಟೆ ಇಟ್ಟುಕೊಂಡು ಮಡಕಶಿರದ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದಿದ್ದಳು. ಅಲ್ಲಿ ಎಎಸ್ಐ ಒಬ್ಬರು ಹಿಂದೂಪುರದ ಬಸ್ಸಿನಿಂದ ಇಳಿದವರ ಚೀಲ ತಪಾಸಣೆ ಮಾಡುತ್ತಿದ್ದರು. ಒಬ್ಬ ಮುದುಕನ ಚೀಲದ ಗಂಟು ಬಿಚ್ಚಿಕೊಳ್ಳದಿದ್ದಾಗ ಅವರ ದನಿ ಗಡುಸಾಯಿತು, ಕೈಯಲ್ಲಿದ್ದ ಲಾಠಿ ಮೇಲೇರಿತು. ಪಾಪಕ್ಕ ಚೀಲದಲ್ಲಿ ಫೋನಿಗೆ ತಡಕಾಡುವಷ್ಟರಲ್ಲಿ ಪಕ್ಕದಲ್ಲಿ ನರಸಮ್ಮ ಇರಲಿಲ್ಲ. ಮುದುಕಿ ಕಡಲೆಕಾಯಿ ಮೂಟೆ ಅಲ್ಲೇ ಬಿಟ್ಟು, ತುಟಿಯಲ್ಲಿ ಎಣಿಸುತ್ತಾ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಹತ್ತಕ್ಕೆ ನಿಂತು, ಮೊಣಕೈ ಒತ್ತಿ ಫೋನು ಎತ್ತಿದ್ದಳು.

ಎಎಸ್ಐ ನೋಡಿದರು. ಲಾಠಿ ಕೆಳಗಿಳಿಯಿತು. ಟೋಪಿ ಸರಿಮಾಡಿಕೊಂಡರು. "ತಾತಾ, ಇಲ್ಲಿ ಕೊಡಿ, ನಾನೇ ಬಿಚ್ತೀನಿ," ಎಂದು ಮಂಡಿಯೂರಿ ಕೂತು ಗಂಟು ಬಿಚ್ಚಿದರು. ಒಳಗೆ ರಾಗಿ ಹಿಟ್ಟು, ಎರಡು ಪಂಚೆ. ಮತ್ತೆ ಗಂಟು ಹಾಕಿ, ಮುದುಕನ ಹೆಗಲಿಗೆ ಚೀಲ ಏರಿಸಿ ಕಳಿಸಿದರು. ಆಮೇಲೆ ನರಸಮ್ಮನ ಕಡೆ ತಿರುಗಿ, ಅರ್ಧ ನಗುತ್ತಾ ಕೇಳಿದರು:

"ಚೆನ್ನಾಗಿ ಬಂತೇನಜ್ಜಿ?"

ನರಸಮ್ಮ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಬಂದೈತೆ ಕಣಪ್ಪ," ಎಂದಳು. "ನೀನೂ ಲಕ್ಷಣವಾಗಿ ಬಂದಿದೀಯ."